ಚೌಕಾಬಾರದ ಲೆಕ್ಕ

ಎರಡನೆಯ ತರಗತಿ ಮುಗಿಯುವವರೆಗೆ ಮಕ್ಕಳಿಗೆ ಹೋಂವರ್ಕ್ ಕೊಡಬಾರದೆಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಆದರೂ ಸಂಜೆಯಾದರೆ ಆರೇಳು ವರ್ಷದ ಮಕ್ಕಳು ಒಂದರಿಂದ ನೂರರವರೆಗೆ ಅಂಕಿ ಬರೆಯುತ್ತ ಕೂರುವುದು ತಪ್ಪಿಲ್ಲ. ಶಾಲೆ ಕೊಡದಿದ್ದರೆ ಮನೆಯವರೇ ಕೊಡುತ್ತಾರೆ. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮೂರನೆಯ ತರಗತಿಯೊಳಗೆ ಲೆಕ್ಕದ ಬುಡ ಗಟ್ಟಿಯಾಗಬೇಕು ಎಂದುಕೊಂಡೇ 2021ರಲ್ಲಿ ನಿಪುಣ್ ಭಾರತ್ ಯೋಜನೆ ಶುರುವಾಯಿತು. ಆದರೆ ಅದಕ್ಕೆ ಮನೆಯಲ್ಲಿ ಆಗಬೇಕಾದ ಕೆಲಸ ಅಂಕಿ ತಿದ್ದುವುದಲ್ಲ. ಕಾಪಿ ಪುಸ್ತಕಕ್ಕಿಂತ ಚೌಕಾಬಾರವೆಂಬ ಕವಡೆಯಾಟ ಈ ವಯಸ್ಸಿನ ಮಗುವಿಗೆ ಹೆಚ್ಚು ಲೆಕ್ಕ ಕಲಿಸಬಲ್ಲದು, ಎಣಿಕೆ ಮಗುವಿನ ಕೈಯಲ್ಲೇ ಇದ್ದರೆ.

ಅಂಕಿ ಬರೆಯುವ ಮಗುವನ್ನು ಗಮನಿಸಿ ನೋಡಿ. ನಲವತ್ತರ ಸಾಲು ಬಂದಾಗ ಹಲವು ಮಕ್ಕಳು ಮೊದಲು ಹತ್ತರ ಸ್ಥಾನದಲ್ಲಿ ಮೇಲಿಂದ ಕೆಳಕ್ಕೆ ಬರೀ ನಾಲ್ಕುಗಳನ್ನು ಬರೆದು, ಆಮೇಲೆ ಪಕ್ಕದಲ್ಲಿ ಸೊನ್ನೆಯಿಂದ ಒಂಬತ್ತನ್ನು ತುಂಬುತ್ತಾರೆ. ಪುಟ ತುಂಬುತ್ತದೆ, ನಲವತ್ತೇಳು ಎಷ್ಟು ದೊಡ್ಡದೆಂಬ ಯೋಚನೆ ಒಮ್ಮೆಯೂ ಬಂದಿರುವುದಿಲ್ಲ. ಚೌಕಾಬಾರ ಈ ದಾರಿಯನ್ನು ಮುಚ್ಚುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆಗಳು. ನಾಲ್ಕು ಕವಡೆ, ಅವಿಲ್ಲದಿದ್ದರೆ ಒಂದು ಬದಿ ತೇಯ್ದ ನಾಲ್ಕು ಹುಣಸೆ ಬೀಜ. ಕವಡೆಯ ಮೇಲೆ ಅಂಕಿಯಿಲ್ಲ, ಚುಕ್ಕೆಯೂ ಇಲ್ಲ; ಎಷ್ಟು ಅಂಗಾತ ಬಿದ್ದಿವೆ ಎಂದು ನೋಡಿದೊಡನೆ ಹೇಳಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಗರ ಬಿದ್ದ ಮೇಲೆ ನಿಜವಾದ ಲೆಕ್ಕ ಶುರುವಾಗುತ್ತದೆ. ಎದುರಾಳಿಯ ಕಾಯಿ ಐದು ಮನೆ ಮುಂದಿದೆ, ಬಿದ್ದದ್ದು ಮೂರು; ಮುಂದಿನ ಸಲ ಎರಡು ಬಿದ್ದರೆ ಕಡಿಯಬಹುದು. ಹಣ್ಣಾಗಲು ಒಂದು ಕಾಯಿಗೆ ಎರಡೇ ಮನೆ ಬಾಕಿ, ಬಿದ್ದದ್ದು ಮೂರು. ಆ ಕಾಯಿ ನಡೆಯದು, ಬೇರೆಯದನ್ನು ನಡೆಸಬೇಕು. ಕೂಡುವುದು, ಕಳೆಯುವುದು, ಹೋಲಿಸುವುದು ಎಲ್ಲವೂ ಮಗುವಿಗೆ ಬೇಕಾಗಿಯೇ ಬರುತ್ತವೆ. ಹೇಳಿ ಮಾಡಿಸಿದ ಲೆಕ್ಕಕ್ಕೂ ಬೇಕಾಗಿ ಮಾಡಿದ ಲೆಕ್ಕಕ್ಕೂ ಇರುವ ಅಂತರ ದೊಡ್ಡದು.

ಮಣೆಯಾಟದಿಂದ ಲೆಕ್ಕ ಬರುತ್ತದೆಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಮನೋವಿಜ್ಞಾನಿಗಳು ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ನೇರ ಪಟ್ಟಿಯ ಮೇಲೆ ಆಟ ಆಡಿಸಿದರು. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದಿಪ್ಪತ್ತು ನಿಮಿಷ. ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ನಿಲ್ಲುತ್ತದೆ ಎಂಬ ತಿಳಿವು ಮಕ್ಕಳಲ್ಲಿ ಬೆಳೆಯಿತು, ಒಂಬತ್ತು ವಾರದ ನಂತರವೂ ಉಳಿದಿತ್ತು. ಅದೇ ಪಟ್ಟಿಗೆ ಅಂಕಿಯ ಬದಲು ಬಣ್ಣ ಹಚ್ಚಿ ಆಡಿದ ಮಕ್ಕಳಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. 2008ರಲ್ಲಿ ಪ್ರಕಟವಾದ ಈ ಅಧ್ಯಯನವೇ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವನ್ನೂ ಒದಗಿಸುತ್ತದೆ. ಚೌಕಾಬಾರದ ದಾರಿ ನೇರವಲ್ಲ, ಹೊರಸುತ್ತು ಮುಗಿಸಿ ಒಳಸುತ್ತಿಗೆ ತಿರುಗುತ್ತದೆ. ಮನೆಗಳಲ್ಲಿ ಅಂಕಿಯೂ ಇಲ್ಲ. ದುಂಡಗಿನ ಮಣೆಗಿಂತ ನೇರ ಪಟ್ಟಿಯೇ ಮೇಲೆಂದು ಅದೇ ಸಂಶೋಧಕರು ಮರುವರ್ಷ ತೋರಿಸಿದರು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಂದನೆಯ ತರಗತಿಯ ಮಗುವಿಗೆ ಮೊದಲು ನೇರ ಪಟ್ಟಿಯೇ ಸರಿ. ಹಜಾರದ ನೆಲದ ಮೇಲೆ ಇಪ್ಪತ್ತು ಮನೆ ಬರೆದು ಅಂಕಿ ಹಾಕಿ, ಅವೇ ಕವಡೆಗಳಿಂದ ಆಡಿಸಬಹುದು. ಐದರ ಮೇಲಿರುವ ಕಾಯಿಗೆ ಮೂರು ಬಿದ್ದರೆ ‘ಒಂದು, ಎರಡು, ಮೂರು’ ಎನ್ನದೆ ‘ಆರು, ಏಳು, ಎಂಟು’ ಎಂದೇ ನಡೆಸಬೇಕು. ಹೀಗೆ ಇದ್ದಲ್ಲಿಂದ ಮುಂದಕ್ಕೆ ಎಣಿಸಿದ ಮಕ್ಕಳು ಹೆಚ್ಚು ಕಲಿತದ್ದು ಆಮೇಲಿನ ಅಧ್ಯಯನದಲ್ಲಿ ಕಂಡಿದೆ. ಅದು ಕೈಗೆ ಹತ್ತಿದ ಮೇಲೆ ಚೌಕಾಬಾರ. ಅಂಕಿಯಿಲ್ಲದಿರುವುದು ಅಲ್ಲಿ ಕೊರತೆಯಲ್ಲ, ಆ ಹೊತ್ತಿಗೆ ಅಂಕಿ ಮಗುವಿನ ತಲೆಯೊಳಗಿರಬೇಕು.

ಇದನ್ನೆಲ್ಲ ಮೊಬೈಲೇ ಆಡಿಸುತ್ತದಲ್ಲ ಎನ್ನುವವರಿದ್ದಾರೆ. ಅಂಥ ಎಷ್ಟೋ ಆಟಗಳಲ್ಲಿ ಮಗು ಬೆರಳು ಒತ್ತಿದರೆ ಸಾಕು, ಗರ ಎಣಿಸುವುದೂ ಕಾಯಿ ನಡೆಸುವುದೂ ಯಂತ್ರವೇ. ಕಲಿಕೆ ಇದ್ದದ್ದೇ ಆ ಎಣಿಕೆಯಲ್ಲಿ. ಅವಸರಕ್ಕೆ ತಾವೇ ಮಗುವಿನ ಕಾಯಿ ನಡೆಸಿಬಿಡುವ ದೊಡ್ಡವರದೂ ಇದೇ ತಪ್ಪು. ಕವಡೆಯೆಂದರೆ ಜೂಜು, ಮನೆಗೆ ಒಳ್ಳೆಯದಲ್ಲ ಎಂಬ ಅಳುಕು ಇನ್ನು ಕೆಲವರದು. ಪಣವಿಲ್ಲದ ಕಡೆ ಜೂಜಿಲ್ಲ. ಅರಮನೆಯೂ ಈ ಆಟಗಳನ್ನು ಕೀಳಾಗಿ ಕಂಡಿರಲಿಲ್ಲ: ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಮಣೆಯಾಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಆದರೂ ಅಳುಕು ಉಳಿದರೆ, ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಗೆ ಕವಡೆಯೇ ಬೇಡ. ಹದಿನಾಲ್ಕು ಗುಳಿಗೆ ನಾಲ್ಕರಂತೆ 56 ಕಾಯಿ ಹಂಚುವಾಗಲೇ ಗುಣಾಕಾರದ ಪಾಠ ನಡೆದುಹೋಗುತ್ತದೆ. ಸ್ಥಾನಬೆಲೆಯನ್ನಾಗಲಿ ಮಗ್ಗಿಯನ್ನಾಗಲಿ ಈ ಆಟಗಳು ಪೂರ್ತಿ ಕಲಿಸಲಾರವು, ಅವು ಶಾಲೆಯ ಕೆಲಸ. ಸಮಯವಿಲ್ಲ ಎಂಬ ದುಡಿಯುವ ತಂದೆತಾಯಿಯ ಮಾತಿಗೆ ನನ್ನ ಉತ್ತರ ಇಷ್ಟೇ: ರಮಣಿ ಮತ್ತು ಸೀಗ್ಲರ್ ಅಧ್ಯಯನದ ಮಕ್ಕಳು ಆಡಿದ್ದು ಒಟ್ಟು ಒಂದು ಗಂಟೆಯ ಆಸುಪಾಸು. ಅಜ್ಜಿ ತಾತ ಇರುವ ಮನೆಗಳಲ್ಲಿ ಕಲಿಸುವವರನ್ನು ಹುಡುಕಬೇಕಾಗಿಯೂ ಇಲ್ಲ.

ಒಂದನೆಯ, ಎರಡನೆಯ ತರಗತಿಯ ಶಿಕ್ಷಕರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಏನು ಮಾಡಿಸಲಿ ಎಂದು ಪೋಷಕರು ಕೇಳಿದಾಗ ಪುಟಗಳ ಲೆಕ್ಕ ಕೊಡಬೇಡಿ. ವಾರಕ್ಕೆ ಎರಡು ಸಂಜೆ ಮಗುವಿನ ಎದುರು ಕೂತು ಮೊದಲು ಅಂಕಿಯ ನೇರ ಪಟ್ಟಿ, ಅದು ಕೈಗೆ ಹತ್ತಿದ ಮೇಲೆ ಚೌಕಾಬಾರ ಆಡಿ, ಕವಡೆ ಎಣಿಸುವುದನ್ನು ಮಗುವಿಗೇ ಬಿಡಿ ಎಂದು ಹೇಳಿ.