ಹಳೇ ಸ್ಟೇಷನ್ನಿನ ಚಂದ

ಹಳೇ ಟ್ರಾಮ್ ಸ್ಟಾಪಿನ ಬಗ್ಗೆ ಕೋಲ್ಕತ್ತಾದವರು, ಚೆನ್ನೈನವರು ಬರೆದದ್ದು ಓದೋಕೆ ಖುಷಿ. ಚೆನ್ನೈನಲ್ಲಿ ಟ್ರಾಮ್ ನಿಂತಿದ್ದು 1953ರಲ್ಲಿ. ನೆನಪು ಇನ್ನೂ ಓಡ್ತಾನೇ ಇದೆ. ಟ್ರಾಮನ್ನೇ ಕಾಣದ ನಮ್ಮ ಕಡೆಯವರು ಅದೇ ಧಾಟೀಲಿ ಚಾಮರಾಜನಗರದ ರೈಲ್ವೆ ಸ್ಟೇಷನ್ ಬಗ್ಗೆ ಬರೀತಾರೆ. ಮೀಟರ್ ಗೇಜ್ ಗಾಡಿ, ಕಲ್ಲುಬೆಂಚು, ಗಂಟೆ, ಹಸಿರು ಬಾವುಟ. ಇಂಥ ನಾಲ್ಕು ಓದಿದ ಮೇಲೆ ಐದನೆಯದನ್ನು ನಾನೇ ಕಣ್ಮುಚ್ಚಿಕೊಂಡು ಟೈಪ್ ಮಾಡಬಲ್ಲೆ. ಹೆಸರು ಬದಲಿಸಿದರೆ ಅರಸೀಕೆರೆಗೂ ಆಗುತ್ತೆ!

ನನ್ನ ತಕರಾರು ಅಲ್ಲೇ. ಈ ಸ್ಟೇಷನ್ನಿಗೆ ಅದರದ್ದೇ ಕತೆಯಿದೆ: ಹಳಿ ಇಲ್ಲಿಗೆ ಮುಗಿಯುತ್ತೆ. ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಒಯ್ಯುವ ಮಾತು ಬಹಳ ಹಳೆಯದು; ನಡುವೆ ಕಾಡು, ಆನೆಗಳ ದಾರಿ. ಹಳಿ ಮುಂದಕ್ಕೆ ಹೋಗಲೇ ಇಲ್ಲ. ಈ ಲೈನಿನ ನಿಜವಾದ ಸೋಜಿಗ ನಂಜನಗೂಡಿನಲ್ಲಿದೆ. 1735ರಲ್ಲಿ ದಳವಾಯಿ ದೇವರಾಜ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ. ರೈಲೆಂಬುದನ್ನೇ ಯಾರೂ ಕಾಣದ ಕಾಲದ್ದು. ಅದರ ಮೇಲೇ ಆಮೇಲೆ ಹಳಿ ಕೂರಿಸಿದರು, ಪಕ್ಕದಲ್ಲೇ ರಸ್ತೆ. ಗಾಡೀನೂ ಬಸ್ಸೂ ಒಂದೇ ಕಲ್ಲಿನ ಮೇಲೆ! ಇದನ್ನು ಬಿಟ್ಟು ಬೆಂಚಿನ ಮೇಲೆ ಪ್ಯಾರಾ ಬರೀತಾರಲ್ಲ, ಏನು ಹೇಳೋದು.

ಇನ್ನೊಂದು ಮಾತು. ಮೈಸೂರು–ಬೆಂಗಳೂರು ಬ್ರಾಡ್ ಗೇಜ್ ಆಗಿ ವರ್ಷಗಳು ಕಳೆದರೂ ಚಾಮರಾಜನಗರದ ಹಳಿ 1000 ಮಿ.ಮೀ.ನಲ್ಲೇ ಉಳಿದಿತ್ತು. ಬೆಂಗಳೂರಿಗೆ ಹೋಗೋರು ಮೈಸೂರಲ್ಲಿ ಗಂಟುಮೂಟೆ ಸಮೇತ ಗಾಡಿ ಬದಲಿಸಬೇಕು. ಈಗ ಇಲ್ಲೇ ಹತ್ತಿದರೆ ತಿರುಪತಿಯಲ್ಲಿ ಇಳೀಬಹುದು. 'ಪುಟ್ಟ ಗಾಡಿ ಹೋಯ್ತಲ್ಲಾ' ಅಂತ ಮರುಗುವವರು ಆ ಗಂಟುಮೂಟೆ ಹೊತ್ತವರನ್ನು ಕೇಳಿದ್ದು ನಾ ಕಂಡಿಲ್ಲ. ಮಾಲ್ಗುಡಿ ಧಾರಾವಾಹಿಯಿಂದ ಹೆಸರಾದ ಅರಸಾಳು ಸ್ಟೇಷನ್ನನ್ನು 2020ರಲ್ಲಿ ಮ್ಯೂಸಿಯಂ ಮಾಡಿದ್ದು ಚೆನ್ನಾಗೇ ಇದೆ. ಅಲ್ಲಿ ಪಕ್ಕದಲ್ಲೇ ರೈಲೂ ಓಡುತ್ತೆ ಅನ್ನೋದು ಅದಕ್ಕಿಂತ ಚೆನ್ನ.

ನಾನು ಗುಂಡ್ಲುಪೇಟೆ ಕಡೆ ಹಳ್ಳಿಯವನು. ನಮಗೆ ಅಗಲದ ಹಳಿಯೂ ಬರಲಿಲ್ಲ, ಸಣ್ಣದೂ ಬರಲಿಲ್ಲ. ರೈಲು ಬೇಕಂದ್ರೆ ತೆರಕಣಾಂಬಿ ಮೇಲೆ ಬಸ್ಸಲ್ಲಿ ಚಾಮರಾಜನಗರಕ್ಕೆ ಹೋಗಬೇಕು. ಊಟಿ, ಕೇರಳದ ಹೆದ್ದಾರಿ ನಮ್ಮೂರಲ್ಲೇ ಕವಲೊಡೆದರೂ 2009ರಿಂದ ರಾತ್ರಿ 9ಕ್ಕೆ ಬಂಡೀಪುರದ ದಾರಿ ಮುಚ್ಚುತ್ತೆ, ಬೆಳಿಗ್ಗೆ 6ಕ್ಕೆ ತೆಗೀತಾರೆ. ಪ್ರಾಣಿಗಳಿಗೋಸ್ಕರ, ಸರಿಯೇ. ಆದರೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಚಂದದ ಬಗ್ಗೆ ಇಷ್ಟುದ್ದ ಬರೆದವರು ಯಾರೂ ಸಿಕ್ಕಿಲ್ಲ. ಅಲ್ಲಿ ಜನ ಇನ್ನೂ ಕಾಯ್ತಾ ಇದಾರೆ.