ಕಾಲ್ಬೆರಳು ಮುಟ್ಟಿದರೆ ಸಾಕೇ?

ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟಿದವರ ಮೈ ಸಡಿಲ, ಮುಟ್ಟಲಾಗದವರ ಸ್ನಾಯು ಗಿಡ್ಡ. ಶಾಲೆಯ ಮೈದಾನದಿಂದ ಜಿಮ್‌ವರೆಗೆ ಬೇರೂರಿದ ನಂಬಿಕೆಯಿದು. 1952ರಲ್ಲಿ ವೆಲ್ಸ್ ಮತ್ತು ಡಿಲನ್ ಪ್ರಕಟಿಸಿದ ‘ಸಿಟ್ ಅಂಡ್ ರೀಚ್’ ಪರೀಕ್ಷೆ ಇದಕ್ಕೊಂದು ಅಳತೆಪಟ್ಟಿ ಒದಗಿಸಿತು. ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳೂ ಇದೇ ಪರೀಕ್ಷೆಯ ಅಳತೆ ಪೆಟ್ಟಿಗೆಯ ಮುಂದೆ ಕಾಲು ಚಾಚಿ ಕೂರುತ್ತಾರೆ. ಆದರೆ ಅಲ್ಲಿ ಸಿಗುವ ಸೆಂಟಿಮೀಟರು ಸ್ನಾಯುವಿನ ಉದ್ದವಲ್ಲ.

ಮುಂದಕ್ಕೆ ಬಾಗುವಾಗ ಸೊಂಟದ ಕೀಲು, ಬೆನ್ನುಮೂಳೆ, ಹೆಗಲು ಎಲ್ಲವೂ ಪಾಲು ಕೊಡುತ್ತವೆ. ಕೈಕಾಲುಗಳ ಉದ್ದವೂ ಲೆಕ್ಕಕ್ಕೆ ಸೇರುತ್ತದೆ. ಕಾಲು ಉದ್ದ, ಕೈ ಗಿಡ್ಡ ಇರುವ ಹುಡುಗಿ ಅಂಕ ಕಳೆದುಕೊಂಡರೆ ಅದಕ್ಕೆ ಕಾರಣ ಅವಳ ಮೂಳೆಯೇ ಇರಬಹುದು. ಈ ಪರೀಕ್ಷೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಒಂದು ಮಟ್ಟಿಗೆ ಹೇಳುತ್ತದೆ, ಕೆಳಬೆನ್ನಿನ ಬಗ್ಗೆ ಹೇಳುವುದು ತೀರಾ ಕಡಿಮೆ ಎಂದು ಅಧ್ಯಯನಗಳೇ ತೋರಿಸಿವೆ.

ಇನ್ನೂ ಗಂಭೀರವಾದುದು ನರದ ವಿಷಯ. ಅಂಗಾತ ಮಲಗಿಸಿ, ಮಂಡಿ ನೇರವಾಗಿಟ್ಟು ಕಾಲೆತ್ತಿದಾಗ ತೊಡೆಯ ಹಿಂದೆ ಸೆಳೆತ ಬರುತ್ತದೆ. ಕಾಲನ್ನು ಅಲ್ಲೇ ಹಿಡಿದು ಪಾದವನ್ನು ಮಾತ್ರ ಮೇಲಕ್ಕೆ ಮಡಿಸಿ ನೋಡಿ. ಹ್ಯಾಮ್‌ಸ್ಟ್ರಿಂಗ್ ಮಂಡಿಯ ಕೆಳಗೇ ಮುಗಿಯುತ್ತದೆ, ಹರಡನ್ನು ದಾಟುವುದಿಲ್ಲ. ಹಾಗಿದ್ದೂ ತೊಡೆಯ ಸೆಳೆತ ಹೆಚ್ಚಿದರೆ, ಕವಲೊಡೆದು ಪಾದದವರೆಗೂ ಸಾಗುವ ಸಯಾಟಿಕ್ ನರವನ್ನು ಶಂಕಿಸಲೇಬೇಕು. ಅದನ್ನು ‘ಸ್ನಾಯು ಬಿಗಿತ’ ಎಂದು ಬರೆದು ಎಳೆಯುತ್ತಾ ಹೋದರೆ, ಕೆರಳಿದ ನರ ಮತ್ತಷ್ಟು ಕೆರಳೀತು.

ಎಳೆದರೆ ಸ್ನಾಯು ಉದ್ದವಾಗುತ್ತದೆ ಎಂಬ ಮಾತೂ ಅಷ್ಟು ಗಟ್ಟಿಯಲ್ಲ. ಕೆಲವು ವಾರಗಳ ಸ್ಟ್ರೆಚಿಂಗ್‌ನಿಂದ ಕಾಲು ಹೆಚ್ಚು ಮೇಲೇಳುವುದಕ್ಕೆ ಬಹುಪಾಲು ಕಾರಣ ಸೆಳೆತವನ್ನು ತಾಳುವ ಶಕ್ತಿ ಹೆಚ್ಚಿರುವುದು ಎಂದು 2010ರಲ್ಲೇ ಸಂಶೋಧಕರಾದ ವೆಪ್ಲರ್ ಮತ್ತು ಮ್ಯಾಗ್ನುಸ್ಸನ್ ವಾದಿಸಿದರು.

ಪೆಟ್ಟಿಗೆ ಅಗ್ಗ, ನೂರು ಮಕ್ಕಳನ್ನು ಬೇಗ ಅಳೆಯಬಹುದು ಎನ್ನುವವರ ಮಾತು ನಿಜ. ಒಂದೇ ಮಗುವಿನ ಬದಲಾವಣೆಯನ್ನು ಗಮನಿಸಲು ಅದು ಇರಲಿ. ಚಿಕಿತ್ಸೆಯ ನಿರ್ಧಾರಕ್ಕೆ ಮಾತ್ರ ಅದು ಸಾಲದು. ಅಲ್ಲಿ ತೊಡೆಯನ್ನು ಲಂಬವಾಗಿ ನಿಲ್ಲಿಸಿ, ಸೊಂಟ ಜರುಗದಂತೆ ನೋಡಿಕೊಂಡು, ಮಂಡಿ ಎಷ್ಟು ನೇರವಾಗುತ್ತದೆಂದು ಕೋನ ಅಳೆಯುವ ಗೋನಿಯೋಮೀಟರಿನಲ್ಲಿ ಅಳೆಯಬೇಕು. ಎರಡೂ ಕಾಲನ್ನು ಹೋಲಿಸಬೇಕು. ತಡೆದದ್ದು ನೋವೋ, ಕೀಲೋ, ಸ್ನಾಯುವೋ ಎಂದು ಕೈಯಲ್ಲೇ ಅರಿಯಬೇಕು.

ಎಲ್ಲಕ್ಕಿಂತ ಮೊದಲು ರೋಗಿಯನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ನಿಮಗೆ ಯಾವ ಕೆಲಸ ಕಷ್ಟವಾಗಿದೆ? ಗದ್ದೆಯಲ್ಲಿ ಬಾಗಿ ನಾಟಿ ಮಾಡುವವರಿಗೂ ಭರತನಾಟ್ಯದ ಕಲಾವಿದೆಗೂ ಬೇಕಾದ ಚಲನೆ ಒಂದೇ ಅಲ್ಲ. ಆ ಕೆಲಸಕ್ಕೆ ಅಡ್ಡಿಯಾಗದ ಬಿಗಿತಕ್ಕೆ ಚಿಕಿತ್ಸೆಯ ಅಗತ್ಯವೂ ಇಲ್ಲ.