ಹದಿನಾಲ್ಕು ದಿನ ಬದುಕಿದ ಇಲಿಗಳು

ಪ್ರಯೋಗಾಲಯದ ವರದಿ ಇದೆಯೆಂದರೆ ಸಾಕು, ಗಿಡಮೂಲಿಕೆಯ ಕ್ಯಾಪ್ಸೂಲನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ವರದಿಗೆ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಕ್ಕಿದೆ ಎಂಬುದು ನನ್ನ ತಕರಾರು.

ಉಪ್ಪಾಗೆಯನ್ನೇ ನೋಡಿ. ಗಾಳಿಬೀಡಿನಂಥ ಕೊಡಗಿನ ಮಳೆಯೂರುಗಳಿಗೆ ಅದು ಕಾಚಂಪುಳಿಯ ಹಣ್ಣು. ರಸ ಇಳಿಸಿ, ಕುದಿಸಿ, ಕಪ್ಪಗೆ ಬತ್ತಿಸಿದ್ದು ಹಂದಿಮಾಂಸದ ಪಂದಿಕರಿಗೆ ಬೇಕೇ ಬೇಕು. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಮುಂದೆ ಅದೇ ಆಮ್ಲ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಹೆಸರಿನಲ್ಲಿ, ತೂಕ ಇಳಿಸುವ ಮಾತ್ರೆಯಾಗಿ ಲೋಕ ಸುತ್ತಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ತೂಕ ಇಳಿಸಲಿಲ್ಲ. ಅದಿರಲಿ.

ಸೀಸ, ಪಾದರಸ, ಆರ್ಸೆನಿಕ್, ಸೂಕ್ಷ್ಮಾಣು, ಕೀಟನಾಶಕ: ವರದಿಯಲ್ಲಿರುವ ಈ ಪರೀಕ್ಷೆಗಳು ಬೇಕು, ಮಾಡುವವರ ಶ್ರದ್ಧೆಯೂ ದೊಡ್ಡದು. ಆದರೆ ಅವು ಹೊರಗಿನಿಂದ ಸೇರಿದ ಕೊಳೆಯನ್ನಷ್ಟೇ ಹಿಡಿಯುತ್ತವೆ. ಸಾರವೇ ದೇಹಕ್ಕೆ ಏನು ಮಾಡುತ್ತದೆ ಎಂದು ಕೇಳಿದರೆ ಮುಂದಿಡುವುದು ಇನ್ನೊಂದು ಸಾಲನ್ನು: ದೇಹತೂಕದ ಕಿಲೋಗೆ 5000 ಮಿಲಿಗ್ರಾಂ ಕೊಟ್ಟರೂ ಇಲಿಗಳು ಸಾಯಲಿಲ್ಲ. ಈ ಸಾಲನ್ನು ನಿಧಾನವಾಗಿ ಓದಬೇಕು. ಡೋಸ್ ಕೊಡುವುದು ಒಮ್ಮೆ ಮಾತ್ರ. ಆಮೇಲೆ 14 ದಿನ ಗಮನಿಸುತ್ತಾರೆ. ಇಲಿಗಳು ಬೆರಳೆಣಿಕೆಯಷ್ಟು, ಒಂದೇ ತಳಿಯವು, ಆರೋಗ್ಯವಂತವು. ಮನುಷ್ಯರೋ ತಿಂಗಳುಗಟ್ಟಲೆ ದಿನವೂ ನುಂಗುತ್ತಾರೆ, ಜೊತೆಗೆ ಬಿಪಿ ಮಾತ್ರೆ, ಗ್ರೀನ್ ಟೀ ಸಾರ. 90 ದಿನದ ಪರೀಕ್ಷೆಯಲ್ಲೂ ಗುಂಪಿಗೆ ಸಾಮಾನ್ಯವಾಗಿ 10 ಗಂಡು, 10 ಹೆಣ್ಣು ಇಲಿಗಳು. ಸಾವಿರಾರು ಜನರಲ್ಲಿ ಒಬ್ಬರ ಯಕೃತ್ತಿಗೆ ಬೀಳುವ ಪೆಟ್ಟು ಆ ಇಪ್ಪತ್ತರಲ್ಲಿ ಕಾಣಿಸೀತೇ? ಗಾರ್ಸಿನಿಯಾದಿಂದ ಯಕೃತ್ತು ಕೆಟ್ಟ ಅಮೆರಿಕದ ರೋಗಿಗಳಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಹೆಚ್ಚಾಗಿ ಕಂಡುಬಂದಿದೆ. ಅದು ಮನುಷ್ಯರದು, ಇಲಿಗಿಲ್ಲ.

2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೂಕ ಇಳಿಸುವ ಹೈಡ್ರಾಕ್ಸಿಕಟ್ ಉತ್ಪನ್ನಗಳನ್ನು ಬಿಡಿ ಎಂದು ಎಚ್ಚರಿಸಿದ್ದು 23 ಗಂಭೀರ ಪ್ರಕರಣಗಳ ವರದಿ ಕೈಸೇರಿದ ಮೇಲೆ; ಒಬ್ಬರು ಯಕೃತ್ತು ಸೋತು ಸತ್ತಿದ್ದರು. ಅದರ ಹಲವು ಮಿಶ್ರಣಗಳಲ್ಲಿ ಗಾರ್ಸಿನಿಯಾ ಇತ್ತು, ಬೇರೆ ಸಾರಗಳೂ ಇದ್ದವು. ಯಾವುದರ ಪಾಲೆಷ್ಟು ಎಂಬ ಜಗಳ ಬೇಕಾದರೆ ಮುಂದುವರಿಯಲಿ. ಅಪಾಯ ಗೊತ್ತಾದದ್ದು ಮಾತ್ರ ಹಾಸಿಗೆ ಹಿಡಿದವರಿಂದ.

‘ತಲೆಮಾರುಗಳಿಂದ ತಿಂದಿದ್ದೇವೆ, ನಮಗೇನಾಗಿದೆ?’ ಎಂದು ಬರೆಯುವವರ ಮೇಲೆ ನನಗೆ ಹೆಚ್ಚು ಸಿಟ್ಟು. ಅವರು ತಿಂದದ್ದು ಒಂದು ಹಂಡೆ ಕರಿಗೆ ಕೆಲವು ಚಮಚ ಕಾಚಂಪುಳಿ, ಅದೂ ಹಬ್ಬಕ್ಕೋ ಮದುವೆಗೋ. ಆಮ್ಲವನ್ನು ಬೇರ್ಪಡಿಸಿ, ಕ್ಯಾಲ್ಸಿಯಂ ಇಲ್ಲವೇ ಪೊಟ್ಯಾಸಿಯಂ ಲವಣವಾಗಿಸಿ, ದಿನಕ್ಕೆ ಗ್ರಾಂಗಟ್ಟಲೆ ಬರಿ ಹೊಟ್ಟೆಗೆ ಇಳಿಸುವುದಕ್ಕೆ ಆ ತಲೆಮಾರುಗಳ ಸಾಕ್ಷಿ ಸಲ್ಲದು. ಕ್ಯಾಪ್ಸೂಲಿನ ತಪ್ಪಿಗೆ ಕಾಚಂಪುಳಿಯನ್ನೇ ಬೈಯುವವರದೂ ಇದೇ ಗೊಂದಲ.

ಮಡಿಕೇರಿಯ ವೈದ್ಯರು ಕಾಮಾಲೆ ಹಿಡಿದವರನ್ನು ‘ಯಾವ ಮಾತ್ರೆ ತಿಂದಿರಿ’ ಎಂದು ಕೇಳಿ, ಡಬ್ಬಿಯ ಬ್ಯಾಚ್ ನಂಬರಿನ ಸಮೇತ ಪ್ರಯೋಗಾಲಯಕ್ಕೆ ಬರೆದು ಕಳಿಸಬೇಕು. ಅದೇ ಬ್ಯಾಚಿನ ಮಾದರಿಯನ್ನು ಪ್ರಯೋಗಾಲಯ ಮತ್ತೆ ಹೊರತೆಗೆದು ನೋಡಬೇಕು. ಈ ಎರಡೂ ಇಲ್ಲದ ವರದಿಯ ಮೇಲೆ ‘ಸುರಕ್ಷಿತ’ ಎಂಬ ಮಾತನ್ನು ಅಚ್ಚು ಹಾಕಲು ಬಿಡಬಾರದು.